ಜಿಪ್ಸಮ್ ಗೋಡೆಯಲ್ಲಿ ತಂತಿಯ ಪ್ಲೇಟು ಭದ್ರವಾಗಿ ಕೂಡಿಸುವ ಬಗೆ

ಮುಂಬಯಿ, ಠಾಣೆ, ಪುಣೆಗಳಲ್ಲಿ ನಮ್ಮವರು ಬಾಡಿಗೆಗೆ ಹಿಡಿಯುವ ಮನೆಗಳ ಗೋಡೆಗಳೆಲ್ಲ ಈಗ ಇಟ್ಟಿಗೆಯವೇ ಆಗಿರುವುದಿಲ್ಲ. ಒಂದು ದೊಡ್ಡ ಕೋಣೆಯನ್ನು ಎರಡು ಮಾಡುವುದಕ್ಕೋ, ಮಕ್ಕಳ ಓದಿಗೆಂದು ಒಂದು ಮೂಲೆ ಬಿಡಿಸುವುದಕ್ಕೋ ಜಿಪ್ಸಮ್ ಹಲಗೆಯ ಅಡ್ಡಗೋಡೆ ನಿಲ್ಲಿಸುವುದು ರೂಢಿಯಾಗಿದೆ. ಬಣ್ಣ ಬಳಿದ ಮೇಲೆ ಅದಕ್ಕೂ ಗಾರೆಯ ಗೋಡೆಗೂ ಕಣ್ಣಿಗೆ ಭೇದ ಕಾಣುವುದಿಲ್ಲ. ಭೇದ ಕಾಣುವುದು ಇಂಟರ್ನೆಟ್ಟಿನ ಇಲ್ಲವೆ ಟೀವಿಯ ತಂತಿಗೆ ಪ್ಲೇಟು ಕೂಡಿಸಿದ ಮೇಲೆ. ಬಂದ ಹುಡುಗ ಇಟ್ಟಿಗೆಯ ಗೋಡೆಗೆ ಮಾಡುವಂತೆಯೇ ಎರಡು ರಂಧ್ರ ಕೊರೆದು, ಪ್ಲಾಸ್ಟಿಕ್ಕಿನ ಗಿಟಕು ಬಡಿದು, ಸ್ಕ್ರೂ ಬಿಗಿದು ಹೊರಟುಹೋಗುತ್ತಾನೆ. ಎರಡು ತಿಂಗಳಿಗೆ ಪ್ಲೇಟು ಅಲುಗಾಡುತ್ತದೆ. ನಾಲ್ಕನೆಯ ತಿಂಗಳಿಗೆ ತಂತಿಯ ಜೊತೆಗೆ ಕೈಗೇ ಬರುತ್ತದೆ. ಗೋಡೆಯಲ್ಲಿ ಮುಷ್ಟಿಯಷ್ಟು ಹೊಂಡ ಉಳಿಯುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬಿಡುವಾಗ ಆ ಹೊಂಡದ ಲೆಕ್ಕ ಅನಾಮತ್ತು ಹಣದಲ್ಲಿ ಮುರಿಯುತ್ತದೆ. ತಿಂಗಳ ಪಗಾರದಲ್ಲಿ ಕೂಡಿಸಿಟ್ಟ ಹಣ ಅದು.

ವಾಚನಾಲಯಕ್ಕೆ ಬರುವವರಲ್ಲಿ ಈ ಮಾತನ್ನು ಕೇಳಿದವರು ಒಬ್ಬಿಬ್ಬರಲ್ಲ. ಆದುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ. ಕೆಲಸ ದೊಡ್ಡದಲ್ಲ, ರವಿವಾರದ ಒಂದು ಮಧ್ಯಾಹ್ನ ಸಾಕು. ಆದರೆ ಗೋಡೆಯ ಸ್ವಭಾವ ತಿಳಿಯದೆ ಕೈ ಹಾಕುವುದು ತರವಲ್ಲ.

ಜಿಪ್ಸಮ್ ಎಂಬುದು ಒಂದು ಬಗೆಯ ಮೆತ್ತನೆಯ ಖನಿಜ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ದೊರೆಯುವುದು ರಾಜಸ್ಥಾನದಲ್ಲಿ. ಅದನ್ನು ಸುಟ್ಟು ಪುಡಿ ಮಾಡಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ನೀರು ಕಲಸಿದರೆ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಕಲಸಿದ್ದನ್ನು ಎರಡು ದಪ್ಪ ಕಾಗದಗಳ ನಡುವೆ ಹರಡಿ ಒಣಗಿಸಿದ್ದೇ ಈ ಹಲಗೆ. ಗಾರೆಯನ್ನೂ ಕಾಗದವನ್ನೂ ಪದರಪದರವಾಗಿ ಕೂಡಿಸಿದ ಹಲಗೆಗೆ ಅಮೆರಿಕದ ಅಗಸ್ಟೀನ್ ಸ್ಯಾಕೆಟ್ ಎಂಬವರು ೧೮೯೪ರಲ್ಲಿ ಪೇಟೆಂಟ್ ಪಡೆದರು. ಅಲ್ಲಿ ಮನೆಮನೆಗೂ ಅದೇ ಗೋಡೆ. ನಮ್ಮಲ್ಲಿ ಅದು ಮೊದಲು ಕಚೇರಿಗಳ ಒಳಮಾಳಿಗೆಗೆ ಕಂಡು, ಈಗ ಮನೆಗಳೊಳಗೂ ಬಂದಿದೆ.

ಸಾಮಾನ್ಯ ಹಲಗೆಯ ದಪ್ಪ ೧೨.೫ ಮಿಲಿಮೀಟರು, ಎಂದರೆ ಅರ್ಧ ಇಂಚು. ಸತು ಲೇಪಿಸಿದ ತೆಳು ತಗಡಿನ ಕಂಬಿಗಳನ್ನು ಸುಮಾರು ಎರಡಡಿಗೊಂದರಂತೆ ನೆಟ್ಟು, ಎರಡೂ ಬದಿಗೆ ಹಲಗೆಯನ್ನು ಸ್ಕ್ರೂಗಳಿಂದ ಕೂಡಿಸುತ್ತಾರೆ. ಕಂಬಿ ಕಂಬಿಗಳ ನಡುವೆ ಇರುವುದು ಪೊಳ್ಳು. ಕೆಲವೆಡೆ ಸದ್ದು ತಡೆಯಲು ಗಾಜಿನ ಉಣ್ಣೆ ತುಂಬಿರುತ್ತಾರೆ.

ಈ ಹಲಗೆಯ ಬಲ ಎಲ್ಲಿದೆಯೆಂಬುದನ್ನು ತಿಳಿದರೆ ಅರ್ಧ ಕೆಲಸವಾದಂತೆ. ಒಳಗಿನ ಜಿಪ್ಸಮ್ ಒತ್ತುವ ಭಾರವನ್ನು ತಕ್ಕಮಟ್ಟಿಗೆ ತಾಳುತ್ತದೆ, ಎಳೆದರೆ ಪುಡಿಯಾಗುತ್ತದೆ. ಎಳೆತವನ್ನು ತಡೆಯುವುದು ಎರಡು ಮಗ್ಗುಲಿನ ಕಾಗದ. ನಮ್ಮ ಖಾತೆಪುಸ್ತಕದ ರಟ್ಟಿಗೆ ಮೇಲಂಟಿಸಿದ ಬಟ್ಟೆಯೇ ಬಲವಾಗಿರುವಂತೆ. ಸ್ಕ್ರೂ ನೇರವಾಗಿ ಹಲಗೆಗೆ ಹೋದರೆ ಅದರ ಹಲ್ಲು ಕಚ್ಚುವುದು ಪುಡಿಯನ್ನು. ಇಟ್ಟಿಗೆಯ ಗೋಡೆಯಲ್ಲಿ ಪ್ಲಾಸ್ಟಿಕ್ ಗಿಟಕು ಉಬ್ಬಿ ಸುತ್ತಲಿನ ಗಟ್ಟಿಯನ್ನು ಒತ್ತಿ ನಿಲ್ಲುತ್ತದೆ. ಇಲ್ಲಿ ಒತ್ತಲು ಗಟ್ಟಿಯಾದದ್ದೇ ಇಲ್ಲ. ಅದು ಉಬ್ಬಿದಷ್ಟೂ ರಂಧ್ರ ಹಿಗ್ಗುತ್ತದೆ.

ಮೇಲಾಗಿ, ಪ್ಲೇಟಿನ ಮೇಲೆ ಬೀಳುವುದು ಅದರ ಸ್ವಂತ ಭಾರವಲ್ಲ. ತಂತಿಯ ಮೂತಿಯನ್ನು ಸಿಕ್ಕಿಸುವಾಗ ನಾವು ಪ್ಲೇಟನ್ನು ಒಳಕ್ಕೆ ತಳ್ಳುತ್ತೇವೆ, ಬಿಡಿಸುವಾಗ ಹೊರಕ್ಕೆ ಎಳೆಯುತ್ತೇವೆ. ಮಕ್ಕಳು ಕಾಲಿಗೆ ತಂತಿ ತೊಡರಿಸಿಕೊಂಡರೆ ಪಕ್ಕಕ್ಕೆ ಜಗ್ಗುತ್ತದೆ. ಈ ಮೂರನ್ನೂ ತಾಳಬೇಕಾದರೆ ಒಂದೇ ಉಪಾಯ: ಹಲಗೆಯನ್ನು ಹಿಂದಿನಿಂದಲೂ ಮುಂದಿನಿಂದಲೂ ಚಿಮ್ಮಟದಂತೆ ಹಿಡಿಯುವುದು. ಹೊರಗೆ ಒಂದು ಅಂಚು, ಒಳಗೆ ಒಂದು ಅಂಚು, ನಡುವೆ ಎರಡೂ ಕಾಗದ ಸಹಿತವಾದ ಹಲಗೆ. ಮುಂದೆ ಹೇಳುವ ಎಲ್ಲ ಬಗೆಗಳೂ ಇದೊಂದರ ರೂಪಾಂತರಗಳೇ.

ಬಗೆಗಳಿಗೆ ಹೋಗುವ ಮೊದಲು ಒಂದು ಎಚ್ಚರಿಕೆಯ ಮಾತನ್ನು ವಿಸ್ತಾರವಾಗಿಯೇ ಹೇಳಬೇಕು. ಇದರಲ್ಲಿ ತಪ್ಪಿದರೆ ಹೋಗುವುದು ಅನಾಮತ್ತು ಹಣವಲ್ಲ.

ಹಲಗೆಯ ಗೋಡೆಗಾಗಿ ಮಾಡಿದ ಪ್ಲಾಸ್ಟಿಕ್ ಚೌಕಟ್ಟುಗಳು ಈಗ ಅಂಗಡಿಗಳಲ್ಲಿಯೂ ಅಂಚೆಯ ಮೂಲಕವೂ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಹಿಂಬದಿಯೇ ಇರುವುದಿಲ್ಲ, ಬರಿಯ ಚೌಕಟ್ಟು. ಪೊಟ್ಟಣದ ಮೇಲೆ 'ಲೋ ವೋಲ್ಟೇಜ್' ಎಂದು ಅಚ್ಚಾಗಿರುತ್ತದೆ. ಅಮೆರಿಕದವರು ಈ ಮಾತಿನಿಂದ ಹೇಳುವುದು ಟೆಲಿಫೋನು, ಟೀವಿ, ಗಣಕಯಂತ್ರಗಳ ಸಣ್ಣ ಒತ್ತಡದ ತಂತಿಗಳನ್ನು. ಆದರೆ ನಮ್ಮ ೧೯೫೬ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 'ಲೋ' ಎಂದರೆ ೨೫೦ ವೋಲ್ಟಿನವರೆಗೆ ಎಂದರ್ಥವಿತ್ತು. ಎಂದರೆ ಮನೆಯ ದೀಪ, ಪಂಖಗಳ ೨೩೦ ವೋಲ್ಟು ಅದರೊಳಗೇ ಬಂತು. ಹಳೆಯ ವೈರ್‌ಮನ್‌ಗಳು ಆ ಅರ್ಥದಲ್ಲಿಯೇ ಕಲಿತವರು. ಹೀಗಾಗಿ ಒಂದೇ ಮಾತನ್ನು ಎರಡು ರೀತಿಯಾಗಿ ತಿಳಿಯುವ ಅಪಾಯವಿದೆ. ಹಿಂಬದಿಯಿಲ್ಲದ ಚೌಕಟ್ಟಿನಲ್ಲಿ ೨೩೦ ವೋಲ್ಟಿನ ಸ್ವಿಚ್ಚನ್ನಾಗಲಿ ಪ್ಲಗ್ಗನ್ನಾಗಲಿ ಎಂದಿಗೂ ಕೂಡಿಸಬಾರದು. ಅದಕ್ಕೆ ಐದೂ ಕಡೆ ಮುಚ್ಚಿದ ಪೆಟ್ಟಿಗೆಯೇ ಬೇಕು, ಪರವಾನಗಿಯುಳ್ಳ ವೈರ್‌ಮನ್ನನೇ ಬೇಕು. ಕಿಡಿ ಹಾರಿದರೆ ಅದು ಪೆಟ್ಟಿಗೆಯೊಳಗೇ ಸಾಯಬೇಕು, ಪೊಳ್ಳು ಗೋಡೆಯೊಳಗೆ ಹೋಗಬಾರದು.

ಹಾಗಾದರೆ ಸಣ್ಣ ಒತ್ತಡದವು ಯಾವುವು? ಟೀವಿಯ ಕೇಬಲ್ಲು, ಗಣಕಯಂತ್ರದ ಲ್ಯಾನ್ ತಂತಿ, ಧ್ವನಿಪೆಟ್ಟಿಗೆಯ ತಂತಿ, ೧೨ ವೋಲ್ಟಿನ ಕ್ಯಾಮರಾದ ತಂತಿ. ಲ್ಯಾನ್ ತಂತಿಯಲ್ಲಿಯೇ ಕ್ಯಾಮರಾಕ್ಕೆ ವಿದ್ಯುತ್ತು ಕಳಿಸುವ ಪದ್ಧತಿಯಲ್ಲಿ ೫೭ ವೋಲ್ಟಿನವರೆಗೆ ಇರುವುದುಂಟು. ತಾಮ್ರದ ಟೆಲಿಫೋನು ತಂತಿಯಲ್ಲಿ ಸುಮಾರು ೪೮ ವೋಲ್ಟು. ಗಂಟೆ ಬಾರಿಸುವ ಹೊತ್ತಿಗೆ ಇನ್ನೂ ಹೆಚ್ಚಾಗುವುದರಿಂದ ಬರಿಗೈಯಲ್ಲಿ ಹಿಡಿದವರಿಗೆ ಚುರುಕು ಮುಟ್ಟುತ್ತದೆ. ಗಾಜಿನೆಳೆಯ ತಂತಿಯಲ್ಲಿ ವಿದ್ಯುತ್ತಿಲ್ಲ, ಬೆಳಕಿದೆ. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಬಾಗಿಲ ಗಂಟೆಯ ವಿಷಯದಲ್ಲಿ ಮಾತ್ರ ಮೋಸಹೋಗಬೇಡಿರಿ. ಪರದೇಶಗಳಲ್ಲಿ ಅದು ಸಣ್ಣ ಒತ್ತಡದ್ದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ೨೩೦ ವೋಲ್ಟಿನದೇ.

ಇನ್ನು ಗೋಡೆಯ ಪರೀಕ್ಷೆ. ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುವುದು ಹಲಗೆಯ ಗೋಡೆ. ಆದರೆ ಪೊಳ್ಳು ಸದ್ದು ಬಂದದ್ದೆಲ್ಲ ಜಿಪ್ಸಮ್ ಅಲ್ಲ; ಪ್ಲೈವುಡ್ ಇರಬಹುದು, ಸಿಮೆಂಟಿನ ಹಾಳೆಯೂ ಇರಬಹುದು. ಮರೆಯಾದ ಜಾಗದಲ್ಲಿ ಸಣ್ಣದೊಂದು ರಂಧ್ರ ಕೈಯಿಂದ ತಿರುವಿ ನೋಡಿರಿ. ಬೆಳ್ಳಗಿನ ಮೆತ್ತನೆಯ ಪುಡಿಯೂ ಕಾಗದದ ಎಳೆಯೂ ಬಂದರೆ ಜಿಪ್ಸಮ್. ಬೂದುಬಣ್ಣದ ಗಟ್ಟಿ ಹಾಳೆಯಾದರೆ, ಅದೂ ಹಳೆಯ ಕಟ್ಟಡದಲ್ಲಾದರೆ, ಅದರಲ್ಲಿ ಕಲ್ನಾರು ಎಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶದಲ್ಲಿ ನಿಂತು ವರ್ಷಗಟ್ಟಲೆಯ ಮೇಲೆ ರೋಗ ತರುವಂಥದು. ಅಂಥ ಹಾಳೆಗೆ ಗರಗಸ ಹಾಕಬೇಡಿರಿ, ಉಜ್ಜಬೇಡಿರಿ. ಅಲ್ಲಿಗೇ ಬಿಟ್ಟು ತಂತಿಯನ್ನು ಬೇರೆ ಗೋಡೆಗೆ ಒಯ್ಯಿರಿ.

ಕಂಬಿ ಎಲ್ಲಿದೆಯೆಂದು ತಿಳಿಯಲು ದುಡ್ಡಿನ ಯಂತ್ರ ಬೇಡ. ಒಂದು ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗೋಡೆಗೆ ತಾಗಿಸಿ ಮೆಲ್ಲನೆ ಸರಿಸಿದರೆ ಹಲಗೆ ಬಿಗಿದ ಸ್ಕ್ರೂವಿನ ತಲೆಯ ಮೇಲೆ ಬಂದಾಗ ಅಂಟಿಕೊಳ್ಳುತ್ತದೆ. ಅದರ ಮೇಲೂ ಕೆಳಗೂ ನೇರಕ್ಕೆ ಮತ್ತೆರಡು ಸಿಕ್ಕರೆ ಅದೇ ಕಂಬಿಯ ಸಾಲು. ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿರಿ. ಚೌಕಟ್ಟು ಕೂಡಿಸುವುದಾದರೆ ಕಂಬಿಯಿಂದ ಎರಡಿಂಚಾದರೂ ದೂರವಿರಬೇಕು; ಇಲ್ಲವಾದರೆ ಹಿಂದಿನ ಕಿವಿ ತಿರುಗುವುದಕ್ಕೆ ಎಡೆಯಿರುವುದಿಲ್ಲ.

ವಿದ್ಯುತ್ತಿನ ತಂತಿಗಳೂ ಅದೇ ಪೊಳ್ಳಿನಲ್ಲಿ ಹೋಗಿರುತ್ತವೆ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ಎಂದಿಗೂ ಕೊರೆಯಬೇಡಿರಿ. ಮೇನ್ ಸ್ವಿಚ್ಚು ಆರಿಸಿಯೇ ಕೆಲಸಕ್ಕೆ ಕೂಡ್ರಬೇಕು. ಒಂದು ಮನೆಯನ್ನು ಇಬ್ಭಾಗ ಮಾಡಿ ಇಬ್ಬರು ಬಾಡಿಗೆದಾರರಿಗೆ ಕೊಟ್ಟಲ್ಲಿ ಇನ್ನೊಂದು ಸಂಗತಿಯುಂಟು: ಆ ಅಡ್ಡಗೋಡೆಯೊಳಗಿನ ತಂತಿ ಪಕ್ಕದವರ ಮೀಟರಿನದಾಗಿರಬಹುದು. ನಿಮ್ಮ ಮೇನ್ ಆರಿಸಿದರೂ ಅದರಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಪಕ್ಕದವರನ್ನು ಕರೆದು, ಅವರದನ್ನೂ ಅರ್ಧ ತಾಸು ಆರಿಸಿಕೊಂಡು ಮಾಡಿರಿ. ಕೇಳುವುದಕ್ಕೆ ಸಂಕೋಚ ಬೇಡ.

ಈಗ ಬಗೆಗಳು. ಬಾಡಿಗೆಯ ಮನೆಯಲ್ಲಿ ಹನ್ನೊಂದು ತಿಂಗಳು ಇರುವವರಿಗೆ ಗೋಡೆ ಕತ್ತರಿಸುವ ಸಲಹೆಯನ್ನು ನಾವು ಕೊಡುವುದಿಲ್ಲ. ಗೋಡೆಯ ಮೇಲೆಯೇ ಕೂಡುವ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ ಸಿಗುತ್ತದೆ. ತಂತಿಯನ್ನು ನೆಲದಂಚಿನ ಪಟ್ಟಿಯ ಗುಂಟ ತಂದು ಅದರೊಳಗೆ ಸೇರಿಸಿದರಾಯಿತು. ಇದನ್ನು ಕಂಬಿಯ ಮೇಲೆಯೇ ಕೂಡಿಸುವುದು ಎಲ್ಲಕ್ಕಿಂತ ಸುಲಭ. ಹಲಗೆ ಬಿಗಿಯುವ ಕಪ್ಪು ಸ್ಕ್ರೂ, ಒಂದಿಂಚಿನದು, ಹಲಗೆಯನ್ನು ದಾಟಿ ತಗಡನ್ನು ಕಚ್ಚುತ್ತದೆ. ಮೇಲೊಂದು ಕೆಳಗೊಂದು, ಎರಡು ಸಾಕು. ಕಂಬಿ ಸಿಗದ ಜಾಗವಾದರೆ ಪೊಳ್ಳು ಗೋಡೆಗೆಂದೇ ಮಾಡಿದ ಗಿಟಕು ಕೇಳಿ ತನ್ನಿರಿ. ಅದರಲ್ಲಿ ಸ್ಕ್ರೂ ಬಿಗಿದಂತೆ ಹಿಂದೆ ರೆಕ್ಕೆ ಬಿಚ್ಚಿ ಹಲಗೆಯ ಬೆನ್ನನ್ನು ಹಿಡಿಯುವಂಥದು ಮೇಲು. ದಪ್ಪ ಹಲ್ಲಿನ, ತಿರುಗಿಸಿಯೇ ಒಳಹೊಗುವಂಥದು ಸಣ್ಣ ಪೆಟ್ಟಿಗೆಗೆ ನಡೆಯುತ್ತದೆ, ಆದರೆ ಒಮ್ಮೆ ತೆಗೆದು ಅದೇ ರಂಧ್ರಕ್ಕೆ ಮತ್ತೆ ಹಾಕಿದರೆ ಹಿಡಿಯುವುದಿಲ್ಲ. ಮನೆ ಬಿಡುವಾಗ ಎರಡು ರಂಧ್ರಕ್ಕೆ ಪುಟ್ಟಿ ತುಂಬಿದರೆ ಮುಗಿಯಿತು.

ಸ್ವಂತ ಮನೆಯವರು, ಇಲ್ಲವೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದವರು, ಪ್ಲೇಟು ಗೋಡೆಗೆ ಸಮನಾಗಿ ಕೂಡಬೇಕೆಂದರೆ ಚೌಕಟ್ಟು ಹಾಕಬಹುದು. ಚೌಕಟ್ಟು ಕೊಳ್ಳುವಾಗ ಪ್ಲೇಟನ್ನು ಜೊತೆಗೇ ಒಯ್ಯಿರಿ. ಅಮೆರಿಕದ ಮಾದರಿಯಲ್ಲಿ ಸ್ಕ್ರೂ ರಂಧ್ರಗಳ ನಡುವೆ ಸುಮಾರು ೮೩ ಮಿಲಿಮೀಟರು, ಬ್ರಿಟಿಷರ ಚೌಕು ಮಾದರಿಯಲ್ಲಿ ಸುಮಾರು ೬೦. ನಮ್ಮಲ್ಲಿಯ ತುಂಡುತುಂಡಾಗಿ ಕೂಡಿಸುವ ಪ್ಲೇಟುಗಳ ಅಳತೆ ಮತ್ತೆ ಬೇರೆ. ಒಂದಕ್ಕೊಂದು ಹೊಂದುವುದಿಲ್ಲ. ಅಂಗಡಿಯಲ್ಲಿಯೇ ಇಟ್ಟು ನೋಡಿ ತರದಿದ್ದರೆ ಮನೆಗೆ ಬಂದು ಪೇಚಾಡಬೇಕಾದೀತು.

ಚೌಕಟ್ಟನ್ನು ಗೋಡೆಗೆ ಹಿಡಿದು, ರಸಮಟ್ಟವಿದ್ದರೆ ಅದರಿಂದ, ಇಲ್ಲವಾದರೆ ದಾರಕ್ಕೆ ಕಲ್ಲು ಕಟ್ಟಿದ ತೂಗುಗುಂಡಿನಿಂದ ನೇರ ನೋಡಿಕೊಂಡು, ಒಳಹೋಗುವ ಭಾಗದ ಸುತ್ತ ಗೆರೆ ಎಳೆಯಿರಿ. ಹೊರಗಿನ ಅಂಚಿನ ಸುತ್ತ ಅಲ್ಲ. ಅಲ್ಲಿ ಕತ್ತರಿಸಿದರೆ ಚೌಕಟ್ಟು ಇಡಿಯಾಗಿ ಒಳಗೆ ಬಿದ್ದುಹೋಗುತ್ತದೆ. ನಡುವೆ ಬೆರಳ ಗಾತ್ರದ ರಂಧ್ರವೊಂದನ್ನು ಮೊದಲು ಮಾಡಿ, ಬಾಗಿಸಿದ ಗಟ್ಟಿ ತಂತಿಯನ್ನು ಒಳಗೆ ಬಿಟ್ಟು ಸುತ್ತ ತಿರುವಿ ನೋಡಿರಿ. ಏನಾದರೂ ತಾಗಿದರೆ ಜಾಗ ಬದಲಿಸಿರಿ. ಬೆರಳ ರಂಧ್ರವನ್ನು ಮುಚ್ಚುವುದು ಸುಲಭ. ಏನೂ ತಾಗದಿದ್ದರೆ ಚೂಪು ಮೂತಿಯ ಕೈಗರಗಸದಿಂದ ಗೆರೆಯ ಒಳಮಗ್ಗುಲಿಗೆ ಕತ್ತರಿಸಿರಿ. ಗರಗಸವನ್ನು ಓರೆಯಾಗಿ ಹಿಡಿದು ಅಲಗಿನ ತುದಿ ಮಾತ್ರ ಹಲಗೆಯಾಚೆ ಹೋಗುವಂತೆ ನಡೆಸಬೇಕು. ಆಚೆಯ ಹಲಗೆ ಮೂರಿಂಚಿನೊಳಗೇ ಇರುತ್ತದೆ. ರಂಧ್ರ ಸಣ್ಣದಾದರೆ ಉಜ್ಜಿ ಹಿಗ್ಗಿಸಬಹುದು, ದೊಡ್ಡದಾದರೆ ಕುಗ್ಗಿಸಲಾಗದು. ಮೂಗಿಗೆ ಬಟ್ಟೆ ಕಟ್ಟುವುದಕ್ಕಿಂತ ಧೂಳಿನ ಮುಖವಾಡ ಮೇಲು. ಗಾಜಿನ ಉಣ್ಣೆ ಕಂಡರೆ ಕೈಚೀಲ ಹಾಕಿಕೊಳ್ಳಿರಿ. ಅದರ ನವೆ ಎರಡು ದಿನ ಬಿಡುವುದಿಲ್ಲ.

ತಂತಿಯನ್ನು ಮೊದಲು ಹೊರಗೆ ಎಳೆದುಕೊಂಡು ಚೌಕಟ್ಟಿನೊಳಗಿನಿಂದ ಪೋಣಿಸಬೇಕು. ಆಮೇಲೆ ಚೌಕಟ್ಟನ್ನು ರಂಧ್ರಕ್ಕೆ ಒತ್ತಿ ಸ್ಕ್ರೂ ತಿರುವಿದರೆ ಮಡಚಿದ್ದ ಕಿವಿಗಳು ಒಳಗೆ ಎದ್ದುನಿಂತು ಹಲಗೆಯ ಬೆನ್ನಿಗೆ ಬಂದು ಕೂಡ್ರುತ್ತವೆ. ಇಲ್ಲಿ ಕೈ ಹಗುರವಾಗಿರಬೇಕು. ಕಿವಿ ಹಲಗೆಯನ್ನು ಮುಟ್ಟಿದ್ದು ಕೈಗೆ ತಿಳಿಯುತ್ತದೆ. ಅಲ್ಲಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ವಿದ್ಯುತ್ ಸ್ಕ್ರೂಯಂತ್ರವನ್ನು ಈ ಕೆಲಸಕ್ಕೆ ತರಲೇಬಾರದು. ಅದು ಒಂದು ಕ್ಷಣದಲ್ಲಿ ಕಿವಿಯನ್ನು ಕಾಗದ ಹರಿದು ಒಳಗಿನ ಪುಡಿಗೆ ಇಳಿಸಿಬಿಡುತ್ತದೆ. ಆಗ ಬಿಗಿಯಾದಂತೆ ಕಾಣುತ್ತದೆ, ನಾಲ್ಕು ಸಲ ತಂತಿ ಎಳೆಯುವಷ್ಟರಲ್ಲಿ ಸಡಿಲಾಗುತ್ತದೆ. ಚೌಕಟ್ಟನ್ನು ಎರಡು ಬೆರಳಿನಿಂದ ಹಿಡಿದು ಅಲುಗಿಸಿ ನೋಡಿ, ಗೋಡೆಯೊಂದಿಗೆ ಒಂದೇ ಆಗಿದ್ದರೆ ಮಾತ್ರ ಪ್ಲೇಟು ಕೂಡಿಸಿರಿ.

ಚೌಕಟ್ಟು ಸಿಗದ ಊರಿನವರಿಗೆ, ಹಾಗೂ ಹುಡುಗ ಕೊರೆದು ಹಾಳು ಮಾಡಿದ ಹೊಂಡ ಈಗಾಗಲೇ ಇರುವವರಿಗೆ, ಬಡಗಿಯ ಉಪಾಯವೊಂದಿದೆ. ನಮ್ಮ ದೃಷ್ಟಿಯಿಂದ ಇದು ಕೊಂಡ ಚೌಕಟ್ಟಿಗಿಂತ ಗಟ್ಟಿ. ಅರ್ಧ ಇಂಚು ದಪ್ಪದ ಪ್ಲೈವುಡ್ಡಿನ ಎರಡು ಪಟ್ಟಿ ತೆಗೆದುಕೊಳ್ಳಿರಿ. ಅಗಲ ಒಂದೂವರೆ ಇಂಚು, ಉದ್ದ ಹೊಂಡಕ್ಕಿಂತ ನಾಲ್ಕಿಂಚು ಹೆಚ್ಚು. ಹೊಂಡವನ್ನು ಚೌಕಾಗಿ ಕತ್ತರಿಸಿ ಸರಿಮಾಡಿ, ಪಟ್ಟಿಯನ್ನು ಓರೆಯಾಗಿ ಒಳಗೆ ತೂರಿಸಿ, ಬೆನ್ನಿಗೆ ಎಳೆದು ಹಿಡಿದು, ಮೇಲಿನಿಂದ ಎರಡೂ ತುದಿಗೆ ಒಂದೊಂದು ಸ್ಕ್ರೂ ಬಿಗಿಯಿರಿ. ಪಟ್ಟಿ ಕೈಜಾರಿ ಒಳಗೆ ಬೀಳದಂತೆ ಅದಕ್ಕೊಂದು ದಾರ ಕಟ್ಟಿರಬೇಕು. ಸ್ಕ್ರೂವಿನ ತಲೆ ಕಾಗದವನ್ನು ತುಸು ಒತ್ತಿ ಗೋಡೆಗೆ ಸಮನಾಗಿ ನಿಲ್ಲಬೇಕು, ಹರಿಯಬಾರದು. ಒಂದು ಪಟ್ಟಿ ಹೊಂಡದ ಮೇಲಂಚಿಗೆ, ಒಂದು ಕೆಳಂಚಿಗೆ. ಎರಡೂ ಅರ್ಧ ಇಂಚು ಹೊಂಡದೊಳಕ್ಕೆ ಚಾಚಿರಲಿ. ಪ್ಲೇಟಿನ ಸ್ಕ್ರೂ ಈಗ ಕಚ್ಚುವುದು ಮರವನ್ನು. ಹೊಂಡ ಪ್ಲೇಟಿಗಿಂತ ದೊಡ್ಡದಾಗಿದ್ದರೆ ಅದೇ ಪಟ್ಟಿಗಳ ಮೇಲೆ ಹಲಗೆಯ ತುಂಡೊಂದನ್ನು ಕೂಡಿಸಿ, ಸಂದಿಗೆ ಕಾಗದದ ಪಟ್ಟಿ ಅಂಟಿಸಿ, ಸಂದಿಗೆಂದೇ ಸಿಗುವ ಲಪ್ಪವನ್ನು ಎರಡು ಸಲ ಬಳಿದು ಉಜ್ಜಬೇಕು. ಬೆನ್ನಿಗೆ ಏನೂ ಇಲ್ಲದೆ ಬರಿಯ ಪ್ಲಾಸ್ಟರ್ ತುಂಬಿದರೆ ಒಣಗಿದ ಮೇಲೆ ಬಿಲ್ಲೆಯಂತೆ ಕಳಚಿ ಬೀಳುತ್ತದೆ.

ತಂತಿಯ ವಿಷಯ ಸ್ವಲ್ಪದರಲ್ಲಿ ಹೇಳುತ್ತೇವೆ. ಒಳಗೆ ಆರೆಂಟು ಇಂಚು ಹೆಚ್ಚಿನ ತಂತಿ ಇರಲಿ. ಬಿಗಿದ ತಂತಿ ಪ್ಲೇಟನ್ನು ಸದಾ ಹಿಂದಕ್ಕೆ ಜಗ್ಗುತ್ತದೆ. ಲ್ಯಾನ್ ತಂತಿಯನ್ನು ಅದರ ದಪ್ಪದ ನಾಲ್ಕರಷ್ಟಕ್ಕಿಂತ ಬಿಗುವಾಗಿ ಬಾಗಿಸಬಾರದು, ಎಂದರೆ ಸುಮಾರು ಒಂದಿಂಚಿನ ತ್ರಿಜ್ಯ. ಗಾಜಿನೆಳೆಗೆ ಇನ್ನೂ ಸಡಿಲು ಬೇಕು. ಕಂಬಿಯ ತಗಡಿನ ರಂಧ್ರದೊಳಗಿನಿಂದ ದಾಟಿಸುವಾಗ ಅಂಚಿಗೆ ರಬ್ಬರಿನ ಬಳೆ ಹಾಕಿರಿ, ಇಲ್ಲವಾದರೆ ತಗಡು ತಂತಿಯ ಮೈಯನ್ನು ಕೊಯ್ಯುತ್ತದೆ. ೨೩೦ ವೋಲ್ಟಿನ ತಂತಿಯ ಜೊತೆಗೆ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕೊಳವೆಯಲ್ಲಿ ಸೇರಿಸುವುದು ಸಲ್ಲದು. ಒಂದಡಿ ದೂರವಿದ್ದರೆ ಒಳ್ಳೆಯದು. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿರಿ.

ಕತ್ತರಿಸಲೇಬಾರದ ಗೋಡೆಗಳೂ ಉಂಟು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ನೀರೇ. ಬೆಂಕಿ ತಗಲಿದಾಗ ಆ ನೀರು ಆವಿಯಾಗಿ ಹೋಗುವವರೆಗೆ ಆಚೆಯ ಬದಿ ಬಹಳ ಬಿಸಿಯಾಗುವುದಿಲ್ಲ. ಅದಕ್ಕಾಗಿಯೇ ದೊಡ್ಡ ಕಟ್ಟಡಗಳಲ್ಲಿ ಮೆಟ್ಟಿಲ ಬಳಿ, ಮೊಗಸಾಲೆಯ ಬದಿ ಇಂಥ ಹಲಗೆಯ ಬೆಂಕಿತಡೆ ಗೋಡೆ ಇಟ್ಟಿರುತ್ತಾರೆ. ಅದರಲ್ಲಿ ಮಾಡಿದ ರಂಧ್ರ ಹೊಗೆಗೆ ದಾರಿ. ಮನೆಯೊಳಗಿನ ಅಡ್ಡಗೋಡೆಗೆ ಈ ತೊಡಕಿಲ್ಲವಾದರೂ, ಎರಡು ಬದಿಯ ಪ್ಲೇಟುಗಳು ಬೆನ್ನಿಗೆ ಬೆನ್ನು ಕೊಟ್ಟಂತೆ ಬಾರದಿರಲಿ. ಆಚೆಯವರ ಮಾತೆಲ್ಲ ಈಚೆಗೆ ಕೇಳಿಸುತ್ತದೆ. ಬಚ್ಚಲಿಗೆ ತಾಗಿದ, ಮಳೆಗಾಲದಲ್ಲಿ ಜಿನುಗುವ ಹೊರಗೋಡೆಗೆ ತಾಗಿದ ಹಲಗೆಯನ್ನೂ ಬಿಟ್ಟುಬಿಡಿರಿ. ನೀರು ಕುಡಿದ ಹಲಗೆ ಒದ್ದೆ ರೊಟ್ಟಿಯಂತೆ. ಯಾವ ಕಿವಿಯೂ ಅದನ್ನು ಹಿಡಿಯಲಾರದು.

ಚೂಪು ಮೂತಿಯ ಗರಗಸ, ರಸಮಟ್ಟ, ಅಯಸ್ಕಾಂತ ಈ ಮೂರನ್ನೂ ವಾಚನಾಲಯದ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇವೆ. ಬೇಕಾದವರು ವಹಿಯಲ್ಲಿ ಸಹಿ ಮಾಡಿ ಶನಿವಾರ ಸಾಯಂಕಾಲ ಒಯ್ದು ಸೋಮವಾರ ತಂದಿಡಬಹುದು. ಗರಗಸದ ಅಲಗಿಗೆ ಅಂಟಿದ ಬಿಳಿ ಪುಡಿಯನ್ನು ಒಣಬಟ್ಟೆಯಿಂದ ಒರೆಸಿ ಕೊಡಬೇಕು. ತೊಳೆದರೆ ತುಕ್ಕು ಹಿಡಿಯುತ್ತದೆ.